ಧನ್ಯಜೀವಿ ಕಿಟ್ಟೆಲ್

ಗದಗ, ಮುಂಡರಗಿ, ಶಿರಹಟ್ಟಿಗಳ ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟುವ ಕಾಲಕ್ಕೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ಒಕ್ಕಲಿಗರು ಮನೆಮಂದಿಯೊಡನೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡುಗೆಯಲ್ಲಿ ಒಂದು ಪಾಲನ್ನು ಭೂತಾಯಿಗೆ ಚರಗವಾಗಿ ಚೆಲ್ಲಿ, ಅನಂತರವೇ ತಾವು ಉಣ್ಣುತ್ತಾರೆ. ಬೆಳೆ ಇನ್ನೂ ಕಣಕ್ಕೆ ಬಂದಿರುವುದಿಲ್ಲ. ಆದರೂ ಕೊಡುವವಳಿಗೆ ಮೊದಲು ಕೈಮುಗಿಯಬೇಕೆಂಬ ಭಾವನೆ ಅವರದು. ಕ್ರೈಸ್ತ ಸಭೆಗಳಲ್ಲಿಯೂ ಸುಗ್ಗಿಯ ಮೊದಲ ಫಲವನ್ನು ದೇವರ ಸನ್ನಿಧಿಯಲ್ಲಿರಿಸಿ ವಂದಿಸುವ ಪದ್ಧತಿಯುಂಟು. ಪಡೆದುದನ್ನು ನೆನೆಯುವುದು, ನೆನೆದು ಸಂತೋಷಪಡುವುದು, ಸಂತೋಷದಿಂದ ದುಡಿದು ಮರಳಿ ಕೊಡುವುದು, ಇವು ಮೂರೂ ಕೃತಜ್ಞತೆಯ ಮೆಟ್ಟಿಲುಗಳು.

ಕ್ರೈಸ್ತಧರ್ಮದ ಆದಿಕಾಲದ ಪ್ರಚಾರಕನಾದ ಪೌಲನು ಸೆರೆಮನೆಯಲ್ಲಿದ್ದಾಗ ಫಿಲಿಪ್ಪಿಯ ಭಕ್ತರಿಗೆ ಒಂದು ಪತ್ರವನ್ನು ಬರೆದನು. ಕೈಗೆ ಬೇಡಿ ಬಿದ್ದಿದ್ದರೂ ಆ ಪತ್ರದಲ್ಲಿ ಅವನು ಯಾವಾಗಲೂ ಸಂತೋಷದಿಂದಿರಬೇಕೆಂದೂ, ಕೃತಜ್ಞತೆಯಿಂದಲೇ ದೇವರಲ್ಲಿ ಬೇಡಿಕೊಳ್ಳಬೇಕೆಂದೂ ಉಪದೇಶಿಸಿದನು. ಈ ಸಂತೋಷವು ಸುಖದಿಂದ ಹುಟ್ಟುವಂತಹುದಲ್ಲ; ಸುಖವು ಕೈಬಿಟ್ಟಾಗಲೂ ಉಳಿಯುವಂತಹುದು. ಇಂತಹ ಬಾಳನ್ನು ಕನ್ನಡ ನೆಲದಲ್ಲಿ ಬಾಳಿದವರಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರು ಒಬ್ಬರು.

ಕಿಟ್ಟೆಲರು ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ಭಾಗದ ಕಡಲತೀರದಲ್ಲಿರುವ ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ. ತಂದೆ ಕ್ರೈಸ್ತ ದೇವಾಲಯದ ಪಾದ್ರಿಗಳು. ಮನೆಯಲ್ಲಿ ಭಕ್ತಿಯೂ ಶಿಸ್ತೂ ಒಟ್ಟಿಗೆ ನೆಲೆಸಿದ್ದವು. ಬಾಲಕನಿಗೆ ಭಾಷೆಗಳಲ್ಲಿ ಅಪಾರವಾದ ಆಸಕ್ತಿ. ಔರಿಖ್ ಪಟ್ಟಣದ ಶಾಲೆಯಲ್ಲಿ ಓದುತ್ತಿರುವಾಗಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳ ಪರಿಚಯವಾಯಿತು. ತಂದೆಯ ಇಚ್ಛೆಯಂತೆ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಧರ್ಮಪ್ರಚಾರಕರ ವಿದ್ಯಾಲಯವನ್ನು ಸೇರಿದರು. ಅವರು ಹುಟ್ಟಿದ 1832ನೆಯ ವರ್ಷದಲ್ಲಿಯೇ ವಿಲಿಯಂ ರೀವ್ ಎಂಬ ಪಾದ್ರಿಗಳು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾಗಿತ್ತು. ಆ ಕಾರ್ಯವನ್ನು ಮುಂದೆ ಶಿಖರಕ್ಕೇರಿಸಲಿದ್ದ ಶಿಶು ಅದೇ ವರ್ಷ ದೂರದ ಕಡಲತೀರದಲ್ಲಿ ಕಣ್ದೆರೆಯಿತೆಂಬುದು ಒಂದು ಸೋಜಿಗ.

ಬಾಸೆಲ್ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿ, ಅನಂತರ ಘಟ್ಟವನ್ನೇರಿ ಉತ್ತರ ಕರ್ನಾಟಕಕ್ಕೆ ಬಂದಿದ್ದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ನೆರೆಯ ಬೆಟಗೇರಿ, ಹೀಗೆ ಒಂದೊಂದಾಗಿ ಅವರ ಕೇಂದ್ರಗಳು ಏರ್ಪಟ್ಟವು. ಬೆಟಗೇರಿಯು ನೇಕಾರರ ಊರು. ಸುತ್ತಲೂ ಹತ್ತಿ ಬೆಳೆಯುವ ಕಪ್ಪು ನೆಲ. ಇಂದಿನ ಗದಗ ಜಿಲ್ಲೆಯ ಬಹುಭಾಗ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಸೇರಿತ್ತು. ಈ ಸೀಮೆಯ ಕನ್ನಡಕ್ಕೆ ದೊಡ್ಡ ಹೆಸರು. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಪ್ರದೇಶದಲ್ಲಿ ಪುಲಿಗೆರೆಯೂ ಸೇರಿದೆ. ಪಂಪನು ತನ್ನ ಕಾವ್ಯಕ್ಕೆ ಪುಲಿಗೆರೆಯ ತಿರುಳ್ಗನ್ನಡವನ್ನು ಆರಿಸಿಕೊಂಡನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದನು. ಇಂತಹ ಭಾಷೆಯ ನಾಡಿಗೆ 1853ರಲ್ಲಿ ಇಪ್ಪತ್ತೊಂದು ವರ್ಷದ ತರುಣ ಕಿಟ್ಟೆಲರು ಬಂದಿಳಿದರು.

ಮೊದಲ ಕೆಲವು ವರ್ಷಗಳನ್ನು ಅವರು ಧಾರವಾಡ ಸೀಮೆಯಲ್ಲಿ ಕಳೆದರು. ಉಪದೇಶ ಮಾಡಬೇಕಾದರೆ ಕೇಳುವವರ ನುಡಿ ತಿಳಿದಿರಬೇಕು. ಆದುದರಿಂದ ಹಗಲಿರುಳೆನ್ನದೆ ಕನ್ನಡದ ಅಭ್ಯಾಸದಲ್ಲಿ ತೊಡಗಿದರು. ಆದರೆ ಭಾಷೆಯು ಪುಸ್ತಕದಲ್ಲಿ ಮಾತ್ರವೇ ಇರುವುದಿಲ್ಲ. ಅದು ಕಣದಲ್ಲಿದೆ, ಬಾವಿಯ ಕಟ್ಟೆಯ ಮೇಲಿದೆ, ಸಂತೆಯ ಗದ್ದಲದಲ್ಲಿದೆ, ಮುದುಕಿಯರ ಗಾದೆಗಳಲ್ಲಿದೆ. ಕಿಟ್ಟೆಲರು ಹಳ್ಳಿಗಳಲ್ಲಿ ಸಂಚರಿಸಿ ಜನರ ಮಾತಿಗೆ ಕಿವಿಗೊಟ್ಟರು. ಪಂಡಿತರ ಬಳಿ ಕುಳಿತು ಹಳೆಯ ಕಾವ್ಯಗಳನ್ನು ಓದಿದರು, ಸಂಸ್ಕೃತವನ್ನೂ ಕಲಿತರು.

ಇಲ್ಲಿಯೇ ಅವರ ಬಾಳಿನ ದೊಡ್ಡ ಪರೀಕ್ಷೆಯೊಂದು ಮೊದಲಾಯಿತು. ಅವರನ್ನು ಕಳುಹಿಸಿದ್ದುದು ಧರ್ಮವನ್ನು ಬೋಧಿಸುವುದಕ್ಕೆ. ಬೋಧನೆಗೆ ಒಲಿದು ಬಂದವರಾದರೋ ಕೆಲವರೇ. ಭಾಷೆ, ಛಂದಸ್ಸು, ಹಳೆಯ ಗ್ರಂಥಗಳು ಎಂದು ಕಿಟ್ಟೆಲರು ಕಾಲ ಕಳೆಯುವುದು ಮಿಷನ್ನಿನ ಎಲ್ಲರಿಗೂ ಮೆಚ್ಚುಗೆಯಾಗಲಿಲ್ಲ. ಒಪ್ಪಿಸಿದ ಕೆಲಸದಲ್ಲಿ ಎಣಿಸಿ ತೋರಿಸುವಂತಹ ಫಲವಿಲ್ಲ; ಒಲಿದ ಕೆಲಸಕ್ಕೆ ತನ್ನವರ ಒಪ್ಪಿಗೆಯಿಲ್ಲ. ಇಂತಹ ಸ್ಥಿತಿಯಲ್ಲಿ ಮನುಷ್ಯನು ಕಹಿಯಾಗುವುದು ಸುಲಭ. ಕಿಟ್ಟೆಲರು ಕಹಿಯಾಗಲಿಲ್ಲ. ಕೊಡುವುದಕ್ಕಾಗಿ ಬಂದವನು ಮೊದಲು ಪಡೆಯುವುದನ್ನು ಕಲಿಯಬೇಕೆಂಬುದನ್ನು ಅವರ ಬಾಳು ತೋರಿಸಿತು. ಕನ್ನಡಿಗರು ಅವರಿಗೆ ತಮ್ಮ ನುಡಿಯನ್ನು ಕೊಟ್ಟಿದ್ದರು. ಅದನ್ನು ಅವರು ಹಗುರವಾದ ಕೊಡುಗೆಯೆಂದು ಭಾವಿಸಲಿಲ್ಲ.

ಆ ಕೃತಜ್ಞತೆಯ ಮೊದಲ ಫಲ 1862ರಲ್ಲಿ ಪ್ರಕಟವಾದ ಕಥಾಮಾಲೆ. ಕ್ರಿಸ್ತನ ಚರಿತ್ರೆಯನ್ನು ಕಿಟ್ಟೆಲರು ಇದರಲ್ಲಿ ಕನ್ನಡದ ಛಂದಸ್ಸಿನಲ್ಲಿಯೇ ಪದ್ಯವಾಗಿ ಹೆಣೆದರು. ಅದುವರೆಗೆ ಇಲ್ಲಿಯ ಕ್ರೈಸ್ತರು ಹೆಚ್ಚಾಗಿ ಪಾಶ್ಚಾತ್ಯ ರಾಗಗಳಿಗೆ ಹೊಂದಿಸಿದ ಗೀತೆಗಳನ್ನು ಹಾಡುತ್ತಿದ್ದರು. ಮಾತು ಕನ್ನಡವಾದರೂ ನಡೆ ಹೊರಗಿನದು. ಹಳ್ಳಿಯ ಚಾವಡಿಯಲ್ಲಿ ಭಾರತವಾಚನವನ್ನು ಕೇಳಿ ಬೆಳೆದವನಿಗೆ ಷಟ್ಪದಿಯ ನಡೆ ತಾಯಿಯ ಹೆಜ್ಜೆಯ ಸಪ್ಪಳದಷ್ಟು ಪರಿಚಿತ. ಪರದೇಶದ ಪಾದ್ರಿಯೊಬ್ಬರು ಅದೇ ನಡೆಯಲ್ಲಿ ತಮ್ಮ ದೇವರ ಕಥೆಯನ್ನು ಹೇಳಿದುದು ಕನ್ನಡಕ್ಕೆ ಸಂದ ಗೌರವ. ಭಕ್ತಿಯ ಸಂತೋಷವು ಎರವಲು ಧ್ವನಿಯಲ್ಲಿ ಹೊಮ್ಮದು, ಅವರವರ ನುಡಿಯಲ್ಲಿಯೇ ಹೊಮ್ಮಬೇಕು ಎಂಬುದನ್ನು ಆ ಕೃತಿ ಸಾರಿತು.

ಈ ವೇಳೆಗೆ ಅವರು ಮಂಗಳೂರಿನಲ್ಲಿ ನೆಲೆಸಿದ್ದರು. 1860ರಲ್ಲಿ ಪೌಲೀನ್ ಎಂಬುವರೊಡನೆ ವಿವಾಹವಾಗಿತ್ತು. ಆದರೆ ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಎಳೆಯ ಮಕ್ಕಳೊಡನೆ, ಮೂವತ್ತೆರಡರ ವಯಸ್ಸಿನಲ್ಲಿ ಬಂದೆರಗಿದ ಆಘಾತವದು. 1867ರಲ್ಲಿ ಪೌಲೀನರ ಸೋದರಿ ಜೂಲಿಯವರನ್ನು ಮದುವೆಯಾಗಿ ಮತ್ತೆ ಸಂಸಾರ ಹೂಡಿದರು. ದುಃಖವು ಅವರ ಕೆಲಸವನ್ನು ನಿಲ್ಲಿಸಲಿಲ್ಲ. ಶಾಲಾಬಾಲಕರಿಗಾಗಿ ಪಠ್ಯಗಳನ್ನು ಸಿದ್ಧಪಡಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದರು. ಓಲೆಗರಿಗಳಲ್ಲಿ ಹುದುಗಿದ್ದ ಕನ್ನಡದ ಲಕ್ಷಣಶಾಸ್ತ್ರವು ಹೀಗೆ ಅಚ್ಚಿನ ಬೆಳಕನ್ನು ಕಂಡಿತು.

ಇವೆಲ್ಲಕ್ಕೂ ಮಿಗಿಲಾದುದು ಅವರ ಕನ್ನಡ-ಇಂಗ್ಲಿಷ್ ನಿಘಂಟು. ಇದಕ್ಕಾಗಿ ಅವರು ಸುಮಾರು ಎರಡು ದಶಕಗಳ ಕಾಲ ದುಡಿದರು. ನಿಘಂಟಿನ ಕೆಲಸವೆಂದರೆ ಬೆಟಗೇರಿಯ ಮಗ್ಗದ ಕೆಲಸದಂತೆ. ಒಂದೊಂದು ಎಳೆಯನ್ನೂ ಕೈಯಿಂದ ಮುಟ್ಟಿ ನೋಡಬೇಕು. ಒಂದು ಎಳೆ ತಪ್ಪಿದರೂ ಬಟ್ಟೆ ಕೆಡುತ್ತದೆ. ಕಿಟ್ಟೆಲರು ಒಂದೊಂದು ಶಬ್ದವನ್ನೂ ಎತ್ತಿಕೊಂಡು, ಅದು ಅಚ್ಚಗನ್ನಡವೇ, ಸಂಸ್ಕೃತದಿಂದ ಬಂದುದೇ, ತದ್ಭವವೇ, ಬೇರೆ ಭಾಷೆಯಿಂದ ಸೇರಿದುದೇ ಎಂದು ಪರೀಕ್ಷಿಸಿದರು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಅದರ ಒಡಹುಟ್ಟಿದ ರೂಪಗಳಿವೆಯೇ ಎಂದು ಹುಡುಕಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವುಗಳಿಂದ ಪ್ರಯೋಗಗಳನ್ನು ಆರಿಸಿ ತೋರಿಸಿದರು. ಜನರ ಬಾಯಿಯ ಗಾದೆಗಳನ್ನು ಹೇರಳವಾಗಿ ತಂದು ಸೇರಿಸಿದರು. ಒಂದು ಮಾತು ಮೈಸೂರಿನ ಕಡೆಯದಾದರೆ ಹಾಗೆಂದು ಗುರುತಿಟ್ಟರು. ಧಾರವಾಡ, ಗದಗಗಳ ಕಡೆಯದಾದರೆ ಆಗಿನ ವಾಡಿಕೆಯಂತೆ ದಕ್ಷಿಣ ಮಹಾರಾಷ್ಟ್ರ ಸೀಮೆಯದೆಂದು ಗುರುತಿಟ್ಟರು. ಹೀಗೆ ಈ ಸೀಮೆಯ ಹೆಸರಿಲ್ಲದ ಒಕ್ಕಲಿಗರ, ನೇಕಾರರ, ಹೆಣ್ಣುಮಕ್ಕಳ ನುಡಿಗಳು ಆ ಮಹಾಗ್ರಂಥದಲ್ಲಿ ಮನೆಮಾಡಿಕೊಂಡವು.

ಕಿಟ್ಟೆಲರು ತಮ್ಮ ಧರ್ಮದಲ್ಲಿ ಅಚಲವಾದ ನಂಬಿಕೆಯುಳ್ಳವರು. ಇಲ್ಲಿಯ ಧರ್ಮಗಳನ್ನು ಕುರಿತು ಅವರು ಬರೆದುದೆಲ್ಲವೂ ಇಂದು ಎಲ್ಲರಿಗೂ ಒಪ್ಪಿಗೆಯಾಗಲಾರದು. ಅವರು ತಮ್ಮ ಕಾಲದ ಧರ್ಮಪ್ರಚಾರಕರಾಗಿಯೇ ಬಂದಿದ್ದರು. ಆದರೆ ನಿಘಂಟಿನಲ್ಲಿ ಶಿವಭಕ್ತರ ಮಾತಿಗೂ ಹರಿದಾಸರ ಮಾತಿಗೂ ಜೈನಕವಿಗಳ ಮಾತಿಗೂ ಹೊಲದವನ ಮಾತಿಗೂ ಅವರು ತೋರಿದ ಆದರ ಒಂದೇ. ತನ್ನ ನಂಬಿಕೆಯನ್ನು ಬಿಡದೆಯೇ ಇತರರ ನುಡಿಯನ್ನು ಪ್ರೀತಿಸಬಹುದೆಂಬುದಕ್ಕೆ ಇದೇ ನಿದರ್ಶನ.

ಅವಿರತವಾದ ದುಡಿಮೆಯಿಂದ ಅವರ ದೇಹ ಬಳಲಿತು. ಸವೆದ ಓಲೆಗರಿಗಳನ್ನೂ ಅಚ್ಚಿನ ಕರಡುಗಳನ್ನೂ ನೋಡಿ ನೋಡಿ ಕಣ್ಣುಗಳು ಸೋತವು. 1877ರಲ್ಲಿ ಅವರು ಜರ್ಮನಿಗೆ ಮರಳಬೇಕಾಯಿತು. ಅಲ್ಲಿದ್ದರೂ ಮನಸ್ಸು ನಿಘಂಟಿನಲ್ಲಿಯೇ. ಕನ್ನಡದ ಮಾತುಗಳ ಅರ್ಥವನ್ನು ಕನ್ನಡಿಗರ ನಡುವೆಯೇ ಕುಳಿತು ನಿಶ್ಚಯಿಸಬೇಕೆಂದು, 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಮತ್ತೆ ಈ ನಾಡಿಗೆ ಬಂದರು. ಇಲ್ಲಿಯ ವಿದ್ವಾಂಸರ ನೆರವಿನಿಂದ ಕೆಲಸವನ್ನು ಮುಂದುವರಿಸಿ, 1892ರಲ್ಲಿ ಕೊನೆಯ ಬಾರಿಗೆ ಕನ್ನಡ ನಾಡನ್ನು ಬೀಳ್ಕೊಂಡರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಿದ್ದಿತು. 1,700ಕ್ಕೂ ಮಿಕ್ಕಿದ ಪುಟಗಳು. ಸುಮಾರು 70,000 ಶಬ್ದಗಳು. ಒಬ್ಬನ ಆಯುಷ್ಯದ ಹರೆಯವೂ ದೃಷ್ಟಿಯೂ ಆ ಪುಟಗಳಲ್ಲಿ ಸಂದುಹೋಗಿದ್ದವು.

ಅವರ ವಿದ್ವತ್ತನ್ನು ಮೆಚ್ಚಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅಲ್ಲಿಗೂ ಅವರು ವಿಶ್ರಮಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ ನಗರದಲ್ಲಿ ಅವರು ಕಣ್ಣುಮುಚ್ಚಿದರು. ಕಡೆಯ ಉಸಿರಿನವರೆಗೆ ಕನ್ನಡದ ಕೆಲಸ ಅವರ ಕೈಬಿಟ್ಟಿರಲಿಲ್ಲ.

ಕನ್ನಡಿಗರು ಕಿಟ್ಟೆಲರನ್ನು ಮರೆತಿಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಮದರಾಸು ವಿಶ್ವವಿದ್ಯಾಲಯವು ವಿದ್ವಾಂಸರಾದ ಎಂ. ಮರಿಯಪ್ಪ ಭಟ್ಟರಿಂದ ನಿಘಂಟನ್ನು ಪರಿಷ್ಕಾರಗೊಳಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಬೆಟಗೇರಿಯಲ್ಲಿ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಜನ ಜರ್ಮನ್ ಆಸ್ಪತ್ರೆಯೆಂದು ಕರೆಯುತ್ತ ಬಂದಿದ್ದಾರೆ. ರೋಗಿಯ ಶುಶ್ರೂಷೆ ಮಾಡಿದವರನ್ನೂ ನುಡಿಯ ಶುಶ್ರೂಷೆ ಮಾಡಿದವರನ್ನೂ ಈ ನಾಡು ಒಂದೇ ಬಗೆಯ ಪ್ರೀತಿಯಿಂದ ನೆನೆಯುತ್ತದೆ.

ಸಂತೋಷವೆಂದರೆ ನಗುನಗುತ್ತ ಕಾಲ ಕಳೆಯುವುದಷ್ಟೇ ಅಲ್ಲ. ಕಿಟ್ಟೆಲರ ಬಾಳಿನಲ್ಲಿ ವಿಯೋಗವಿತ್ತು, ಒಂಟಿತನವಿತ್ತು, ತಮ್ಮವರ ಅಸಮ್ಮತಿಯಿತ್ತು, ದೇಹದ ದೌರ್ಬಲ್ಯವಿತ್ತು. ಅವುಗಳ ನಡುವೆಯೂ ಅವರು ದಿನದಿನವೂ ಒಂದೊಂದು ಶಬ್ದವನ್ನು ಕೈಗೆತ್ತಿಕೊಂಡು, ಅದರ ಧೂಳನ್ನೊರಸಿ, ಅದರ ಅರ್ಥವನ್ನು ಬೆಳಕಿಗೆ ಹಿಡಿದರು. ಪ್ರೀತಿಯಿಲ್ಲದೆ ಇಂತಹ ಕೆಲಸ ಇಷ್ಟು ವರ್ಷ ನಡೆಯದು; ಕೃತಜ್ಞತೆಯಿಲ್ಲದೆ ಇಂತಹ ಪ್ರೀತಿ ಹುಟ್ಟದು. ತನಗಿಲ್ಲದುದನ್ನು ಎಣಿಸುವವನು ಬಡವನಾಗುತ್ತಾನೆ; ತನಗೆ ದೊರೆತುದನ್ನು ನೆನೆಯುವವನು ಕೊಡುವವನಾಗುತ್ತಾನೆ. ಹುಟ್ಟಿನಿಂದಲೇ ಕನ್ನಡವನ್ನು ಪಡೆದ ನಾವು ಅದನ್ನು ಎಷ್ಟು ನೆನೆದಿದ್ದೇವೆ, ಅದಕ್ಕೆ ಏನನ್ನು ಕೊಟ್ಟಿದ್ದೇವೆ ಎಂಬ ಪ್ರಶ್ನೆಯನ್ನು ಕಿಟ್ಟೆಲರ ನಿಘಂಟಿನ ಪ್ರತಿಯೊಂದು ಪುಟವೂ ನಮ್ಮ ಮುಂದಿಡುತ್ತದೆ.