ರೀಟಾ ಹೇವರ್ತ್: ಕುಡಿತವೆಂದು ಜನ ನಂಬಿದ ಕಾಯಿಲೆ

ಪುಣೆಯ ಆಗಾ ಖಾನ್ ಅರಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1892ರಲ್ಲಿ ಅದನ್ನು ಕಟ್ಟಿಸಿದ ಮೂರನೆಯ ಆಗಾ ಖಾನರ ಮಗ ಅಲಿ ಖಾನ್. ಅವರು 1949ರಲ್ಲಿ ಹಾಲಿವುಡ್ ತಾರೆ ರೀಟಾ ಹೇವರ್ತ್ ಅವರನ್ನು ಮದುವೆಯಾದರು. ಅದೇ ವರ್ಷ ಮಗಳು ಯಾಸ್ಮಿನ್ ಹುಟ್ಟಿದಳು. ಮುಂದೆ ತಾಯಿಯನ್ನು ಮಗುವಿನಂತೆ ನೋಡಿಕೊಂಡದ್ದು ಈ ಮಗಳೇ.

ರೀಟಾ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ನೃತ್ಯ ಕಲಾವಿದರ ಮನೆಯಲ್ಲಿ ಹುಟ್ಟಿದರು. 1946ರ 'ಗಿಲ್ಡಾ' ಚಿತ್ರ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿತು.

ಐವತ್ತು ದಾಟುವ ಹೊತ್ತಿಗೆ ಸಂಭಾಷಣೆಗಳು ನೆನಪಿನಲ್ಲಿ ಉಳಿಯದಾದವು. 1972ರಲ್ಲಿ ತೆರೆಕಂಡ ಕೊನೆಯ ಚಿತ್ರದಲ್ಲಿ ಅವರಿಗೆ ಒಂದೊಂದೇ ಸಾಲು ಹೇಳಿಕೊಟ್ಟು ಚಿತ್ರೀಕರಿಸಬೇಕಾಯಿತು. 1976ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಕೆದರಿದ ಕೂದಲು, ಗೊಂದಲದ ಮುಖದ ಅವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಕುಡಿತದಿಂದ ಹಾಳಾದರು ಎಂದು ಜನ ಆಡಿಕೊಂಡರು. ಅವರಿಗೆ ಕುಡಿಯುವ ಅಭ್ಯಾಸವಿತ್ತು, ನಿಜ. ಅದರ ಮರೆಯಲ್ಲಿಯೇ ಕಾಯಿಲೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಆಲ್‌ಝೈಮರ್ ಎಂದು ಗೊತ್ತಾದದ್ದು 1980ರಲ್ಲಿ.

1981ರಲ್ಲಿ ನ್ಯಾಯಾಲಯ ಅವರ ಹೊಣೆಯನ್ನು ಯಾಸ್ಮಿನ್‌ಗೆ ವಹಿಸಿತು. ಮಗಳು ತಾಯಿಯನ್ನು ನ್ಯೂಯಾರ್ಕ್‌ಗೆ ಕರೆತಂದು, ತನ್ನ ಮನೆಯ ಪಕ್ಕದಲ್ಲೇ ಇರಿಸಿಕೊಂಡು ಆರೈಕೆ ಮಾಡಿದರು. ಕಾಯಿಲೆಯನ್ನು ಮುಚ್ಚಿಡದೆ ಎಲ್ಲರೆದುರು ಅದರ ಬಗ್ಗೆ ಮಾತನಾಡಿದರು, ಸಂಶೋಧನೆಗೆ ಹಣ ಕೂಡಿಸಿದರು. ರೀಟಾ 1987ರ ಮೇ 14ರಂದು ತೀರಿಕೊಂಡರು. ಆಗ ಅವರಿಗೆ 68 ವರ್ಷ. ಅದುವರೆಗೆ ಹೆಚ್ಚಿನವರು ಕೇಳಿಯೇ ಇರದ ಕಾಯಿಲೆಯ ಹೆಸರು ಅವರಿಂದಾಗಿ ಮನೆಮಾತಾಯಿತು.

ನಮ್ಮ ಮನೆಗಳಲ್ಲೂ ಇಂಥದ್ದು ನಡೆಯುತ್ತದೆ. ಅಪ್ಪನಿಗೆ ಹಟ ಹೆಚ್ಚಾಯಿತು, ಅತ್ತೆ ಬೇಕೆಂದೇ ಹೀಗೆ ಮಾಡುತ್ತಾರೆ, ವಯಸ್ಸಾದ ಮೇಲೆ ಮರೆವು ಸಹಜ ಎಂದು ಸುಮ್ಮನಾಗುತ್ತೇವೆ. ಈ ಕಾಯಿಲೆ 65 ವರ್ಷಕ್ಕಿಂತ ಮೊದಲೂ ಬರಬಹುದು. ಮರೆವಿನಿಂದ ದಿನನಿತ್ಯದ ಕೆಲಸ ಕೆಡುತ್ತಿದ್ದರೆ, ಸ್ವಭಾವ ಬದಲಾಗಿದ್ದರೆ, ಏನೇನು ಬದಲಾಗಿದೆ ಎಂದು ಬರೆದಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರಬಹುದು. ಇವಕ್ಕೆ ಚಿಕಿತ್ಸೆ ಇದೆ. ಆಲ್‌ಝೈಮರ್ ಪೂರ್ತಿ ಗುಣವಾಗುವುದಿಲ್ಲ. ಆದರೆ ಇದು ಕಾಯಿಲೆ ಎಂದು ಗೊತ್ತಾದರೆ ಬೈಗುಳ ನಿಲ್ಲುತ್ತದೆ, ಆರೈಕೆ ಶುರುವಾಗುತ್ತದೆ. ಈಗಾಗಲೇ ಬೈದಿದ್ದೇವೆ ಎಂದು ಕೊರಗಬೇಡಿ. ರೀಟಾ ಅವರಿಗೇನಾಗಿದೆ ಎಂದು ತಿಳಿಯಲು ಅವರ ಸುತ್ತಲಿದ್ದವರಿಗೂ ವರ್ಷಗಳೇ ಹಿಡಿದವು.