ಬಾಲ್ಕನಿಯ ಮೇಲೆ ಮಿಶಿಮಾ, ಕೆಳಗೆ ನಗುತ್ತಿದ್ದ ಸೈನಿಕರು

1970ರ ನವೆಂಬರ್ 25, ಮಧ್ಯಾಹ್ನ. ಟೋಕಿಯೊದ ಇಚಿಗಾಯ ಸೇನಾ ನೆಲೆಯ ಬಾಲ್ಕನಿಯಲ್ಲಿ 45 ವರ್ಷದ ಒಬ್ಬ ಕಾದಂಬರಿಕಾರ ಸಮವಸ್ತ್ರ ತೊಟ್ಟು, ಹಣೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಕೆಳಗೆ ಸುಮಾರು 1000 ಸೈನಿಕರು. ಒಳಗಿನ ಕೋಣೆಯಲ್ಲಿ ಜನರಲ್ ಮಶಿಟಾ ಅವರನ್ನು ಕುರ್ಚಿಗೆ ಕಟ್ಟಿಹಾಕಲಾಗಿತ್ತು. ಸೈನಿಕರನ್ನು ಸೇರಿಸದಿದ್ದರೆ ಅವರನ್ನು ಕೊಲ್ಲುತ್ತೇವೆ ಅಂತ ಹೆದರಿಸಿಯೇ ಈ ಸಭೆ ಕರೆಸಿದ್ದು. ಯುದ್ಧದಲ್ಲಿ ಸೋತ ಮೇಲೆ ಬಂದ ಸಂವಿಧಾನ ಜಪಾನಿನ ಆತ್ಮವನ್ನೇ ಕೊಂದಿದೆ, ಸೇನೆ ಎದ್ದು ನಿಲ್ಲಬೇಕು, ಚಕ್ರವರ್ತಿಯನ್ನು ಮತ್ತೆ ದೇಶದ ನಡುಮಧ್ಯಕ್ಕೆ ತರಬೇಕು ಎನ್ನುವುದು ಆತನ ಕರೆ.

ಅರ್ಧ ಗಂಟೆ ಮಾತಾಡಬೇಕು ಅಂತಿತ್ತು. ಏಳೆಂಟು ನಿಮಿಷಕ್ಕೆ ನಿಲ್ಲಿಸಿದ. ಮೈಕ್ ಇರಲಿಲ್ಲ, ಮೇಲೆ ಹೆಲಿಕಾಪ್ಟರ್‌ಗಳ ಸದ್ದು. ಸೈನಿಕರು ಬೈದರು, ನಕ್ಕರು, ಕೆಳಗಿಳಿ ಅಂತ ಕೂಗಿದರು. ಆತ ಮೂರು ಸಲ ಚಕ್ರವರ್ತಿಗೆ ಜಯಕಾರ ಹಾಕಿ ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲಿ, ಹಳೆಯ ಸಮುರಾಯ್ ಪದ್ಧತಿಯಂತೆ ಪ್ರಾಣ ಬಿಟ್ಟಿದ್ದ.

ಯುಕಿಯೊ ಮಿಶಿಮಾ ಹೆಸರು ಇವತ್ತು ನಮ್ಮ ಹುಡುಗರಿಗೆ ಸಿಗುವುದು ಹೆಚ್ಚಾಗಿ ರೀಲ್ಸ್‌ನಲ್ಲಿ. ಕಪ್ಪುಬಿಳುಪು ಫೋಟೊ, ಕತ್ತಿ, ಕಟ್ಟುಮಸ್ತಾದ ಮೈ, ಹಿಂದೆ ಗಂಭೀರ ಸಂಗೀತ. ಜಗತ್ತಿನ ಬಲಪಂಥೀಯರಿಗೆ ಆತ ಹುತಾತ್ಮ. ಅಂದಿನ ಪ್ರಧಾನಿ ಸಾತೊ ಅವರಿಗೆ ಆತ ತಲೆಕೆಟ್ಟವನು. ನನಗೆ ಇವೆರಡೂ ಸೋಮಾರಿ ಉತ್ತರಗಳು ಅನ್ಸುತ್ತೆ. ಸತ್ತ ದಿನಕ್ಕಿಂತ ಬದುಕಿದ 45 ವರ್ಷಗಳನ್ನು ನೋಡಿದರೆ ಬೇರೆಯದೇ ಕತೆ ಕಾಣುತ್ತೆ.

ಆತನ ನಿಜವಾದ ಹೆಸರು ಕಿಮಿತಾಕೆ ಹಿರಾವೊಕಾ. 1925ರ ಜನವರಿ 14ರಂದು ಟೋಕಿಯೊದಲ್ಲಿ ಹುಟ್ಟಿದ. ಹುಟ್ಟಿ ಎರಡು ತಿಂಗಳಾಗುವ ಮೊದಲೇ ಅಜ್ಜಿ ನತ್ಸು ಮಗುವನ್ನು ತಾಯಿಯಿಂದ ಕಿತ್ತುಕೊಂಡು ತನ್ನ ಕೋಣೆಯಲ್ಲಿಟ್ಟುಕೊಂಡಳು. ಆಕೆ ಕಾಯಿಲೆಯವಳು, ಸಮುರಾಯ್ ವಂಶದ ಹೆಮ್ಮೆಯವಳು, ಮಹಾ ಸಿಡುಕಿ. ಗಂಡುಹುಡುಗರ ಜೊತೆ ಆಟ ಬೇಡ, ಬಿಸಿಲು ಬೇಡ, ಗಲಾಟೆ ಬೇಡ. 12 ವರ್ಷದವರೆಗೆ ಹುಡುಗ ಮುದುಕಿಯ ಕಾಯಿಲೆಯ ಕೋಣೆಯಲ್ಲೇ ಬೆಳೆದ. ಆಮೇಲೆ ಅಪ್ಪನ ಸರದಿ. ಸರ್ಕಾರಿ ಅಧಿಕಾರಿಯಾಗಿದ್ದ ಅಝುಸಾಗೆ ಸಾಹಿತ್ಯ ಅಂದ್ರೆ ಹೆಣ್ಣಿಗರ ಕೆಲಸ. ಮಗನ ಹಸ್ತಪ್ರತಿ ಸಿಕ್ಕರೆ ಹರಿದು ಹಾಕುತ್ತಿದ್ದ. ಅಮ್ಮ ಶಿಝುಯೆ ಮಾತ್ರ ಗುಟ್ಟಾಗಿ ಓದಿ ಬೆನ್ನು ತಟ್ಟುತ್ತಿದ್ದಳು. 16ನೇ ವಯಸ್ಸಿಗೆ ಮೊದಲ ಗಂಭೀರ ಕತೆ ಅಚ್ಚಾದಾಗ ಮಿಶಿಮಾ ಎಂಬ ಕಾವ್ಯನಾಮ ಬಂತು.

1944ರಲ್ಲಿ ಶ್ರೀಮಂತ ಮನೆತನಗಳ ಮಕ್ಕಳು ಓದುತ್ತಿದ್ದ ಗಕುಶುಯಿನ್ ಶಾಲೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾದ. ಚಕ್ರವರ್ತಿ ಹಿರೊಹಿತೊ ಎದುರಿನಲ್ಲಿ ಬೆಳ್ಳಿ ಗಡಿಯಾರದ ಬಹುಮಾನ. ಆಗ ಚಕ್ರವರ್ತಿ ಅಂದರೆ ಜಪಾನಿಗರಿಗೆ ಬದುಕಿರುವ ದೇವರು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಸೇನೆಯಿಂದ ಕರೆ ಬಂತು. ಯುದ್ಧ ಸೋಲುತ್ತಿತ್ತು, ಹೋದವರು ವಾಪಸ್ ಬರುವುದು ಅನುಮಾನ. ಹ್ಯೋಗೊ ಪ್ರಾಂತದಲ್ಲಿ ವೈದ್ಯಕೀಯ ಪರೀಕ್ಷೆ ನಡೆದ ದಿನ ಆತನಿಗೆ ನೆಗಡಿ, ಜ್ವರ. ಸೇನೆಯ ವೈದ್ಯ ಅದನ್ನು ಶ್ವಾಸಕೋಶದ ಕಾಯಿಲೆ ಅಂತ ತಪ್ಪು ತಿಳಿದು ಮನೆಗೆ ಕಳಿಸಿದ. ಗೇಟು ದಾಟಿದ್ದೇ ಅಪ್ಪ ಮಗ ಇಬ್ಬರೂ, ಯಾರಾದರೂ ಮತ್ತೆ ಕರೆದಾರು ಎಂಬ ಭಯದಲ್ಲಿ ಓಡಿದರಂತೆ. ಇದನ್ನು ಅಪ್ಪನೇ ಮುಂದೆ ಬರೆದುಕೊಂಡಿದ್ದಾನೆ.

ಆ ಓಟವನ್ನು ನೆನಪಿಟ್ಟುಕೊಳ್ಳಿ. ಚಕ್ರವರ್ತಿಗಾಗಿ ಸಾಯುವುದರಲ್ಲಿ ಸೌಂದರ್ಯವಿದೆ ಅಂತ ಜೀವನಪೂರ್ತಿ ಬರೆದವನು, 20ನೇ ವಯಸ್ಸಿನಲ್ಲಿ ಅವಕಾಶ ಬಂದಾಗ ಬದುಕಿಗಾಗಿ ಓಡಿದ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ನಾವೆಲ್ಲರೂ ಓಡುತ್ತಿದ್ದೆವು. ಆದರೆ ಆತ ತನ್ನನ್ನು ತಾನು ಕ್ಷಮಿಸಲಿಲ್ಲ ಅಂತ ಕಾಣುತ್ತೆ. ಅದೇ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. 1946ರ ಹೊಸ ವರ್ಷದ ದಿನ ಚಕ್ರವರ್ತಿ ತಾನು ದೇವರಲ್ಲ ಎಂದು ಸಾರಿದ. ಗಡಿಯಾರ ಕೊಟ್ಟ ದೇವರು ಮನುಷ್ಯನಾದ. 20 ವರ್ಷ ಆದಮೇಲೆ ಮಿಶಿಮಾ ಬರೆದ ಒಂದು ಕತೆಯಲ್ಲಿ, ಸತ್ತ ಕಾಮಿಕಾಝೆ ಪೈಲಟ್‌ಗಳ ಪ್ರೇತಗಳು ಬಂದು ಇದಕ್ಕಾಗಿ ಚಕ್ರವರ್ತಿಯನ್ನೇ ದೂರುತ್ತವೆ. ಅಂದರೆ ಆತನ ಭಕ್ತಿ ಅರಮನೆಯಲ್ಲಿದ್ದ ಹಿರೊಹಿತೊ ಮೇಲಲ್ಲ, ತನ್ನ ತಲೆಯಲ್ಲಿದ್ದ ಒಬ್ಬ ಚಕ್ರವರ್ತಿಯ ಮೇಲೆ.

ಸಾಹಿತ್ಯದ ಕತೆ ದೊಡ್ಡದು, ಬೇಗ ಹೇಳ್ತೀನಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಹಣಕಾಸು ಸಚಿವಾಲಯದ ನೌಕರಿ ಹಿಡಿದು, ಒಂದು ವರ್ಷ ತುಂಬುವ ಮೊದಲೇ ಬಿಟ್ಟ. 1949ರ 'ಮುಖವಾಡದ ನಿವೇದನೆ' ಗಂಡಸರತ್ತ ಆಕರ್ಷಿತನಾಗುವ ಯುವಕನೊಬ್ಬನ ಆತ್ಮಕಥನದಂಥ ಕಾದಂಬರಿ. 24ಕ್ಕೇ ಆತನನ್ನು ಪ್ರಸಿದ್ಧನನ್ನಾಗಿ ಮಾಡಿದ್ದು ಅದೇ. (ಫೋಟೊ ಹಂಚುವ ರಾಷ್ಟ್ರವಾದಿ ಅಭಿಮಾನಿಗಳು ಈ ಪುಸ್ತಕದ ಸುದ್ದಿಗೇ ಹೋಗಲ್ಲ.) ಕ್ಯೋಟೊದ ಸ್ವರ್ಣ ಮಂದಿರಕ್ಕೆ 1950ರಲ್ಲಿ ಕಿರಿಯ ಸನ್ಯಾಸಿಯೊಬ್ಬ ಬೆಂಕಿ ಇಟ್ಟ ಘಟನೆಯಿಂದ 1956ರಲ್ಲಿ ಒಂದು ಮೇರುಕೃತಿ ಹುಟ್ಟಿತು. 'ಔತಣದ ನಂತರ' ಕಾದಂಬರಿಯಲ್ಲಿ ತನ್ನ ಖಾಸಗಿ ಬದುಕನ್ನೇ ಬಯಲು ಮಾಡಿದ್ದಾನೆ ಅಂತ ಮಾಜಿ ವಿದೇಶಾಂಗ ಸಚಿವ ಅರಿತಾ ಕೋರ್ಟಿಗೆ ಹೋದರು, 1964ರಲ್ಲಿ ಗೆದ್ದರು. ಜಪಾನಿನಲ್ಲಿ ಖಾಸಗಿತನದ ಹಕ್ಕಿನ ಮೊದಲ ತೀರ್ಪು ಅದು. ನೊಬೆಲ್‌ಗೂ ಹೆಸರು ಓಡಾಡಿತ್ತು. 1968ರಲ್ಲಿ ಅದು ಆತನ ಗುರುವಿನಂತಿದ್ದ ಕವಾಬಾಟಾಗೆ ಹೋಯಿತು.

ಇಷ್ಟೆಲ್ಲ ಆದರೂ ಆತ ವಾಸವಿದ್ದದ್ದು ಪಾಶ್ಚಾತ್ಯ ಶೈಲಿಯ ಬಂಗಲೆಯಲ್ಲಿ. ಅಂಗಳದಲ್ಲಿ ಗ್ರೀಕ್ ದೇವರು ಅಪೊಲೊನ ಪ್ರತಿಮೆ! 1955ರಿಂದ ಜಿಮ್ ಹಿಡಿದು, ಬಡಕಲು ದೇಹವನ್ನು ಕಡೆದು ನಿಲ್ಲಿಸಿದ. ಸಿನಿಮಾದಲ್ಲಿ ನಟಿಸಿದ. 1967ರಲ್ಲಿ ಭಾರತಕ್ಕೂ ಬಂದ. ಕಾಶಿಯ ಸ್ಮಶಾನಘಟ್ಟ, ಅಜಂತಾ, ಕಲ್ಕತ್ತೆಯ ಕಾಳಿ ಗುಡಿಯ ಬಲಿ ನೋಡಿದ. ಕೊನೆಯ ನಾಲ್ಕು ಸಂಪುಟಗಳ ಮಹಾಕಾದಂಬರಿಯ ಮೂರನೇ ಭಾಗಕ್ಕೆ ಕಾಶಿ, ಅಜಂತಾ ಹೋಗಿ ಸೇರಿದವು.

1968ರ ಅಕ್ಟೋಬರ್‌ನಲ್ಲಿ ಕಾಲೇಜು ಹುಡುಗರನ್ನು ಕಟ್ಟಿಕೊಂಡು 'ತಾತೆನೊಕಾಯ್' ಅಂದರೆ ಗುರಾಣಿ ಸಂಘ ಶುರು ಮಾಡಿದ. ನೂರರಷ್ಟು ಸದಸ್ಯರು, ಖರ್ಚೆಲ್ಲ ಆತನದೇ. ಚೆಂದದ ಸಮವಸ್ತ್ರ ಬೇರೆ. ಪತ್ರಿಕೆಗಳು ಆಟಿಕೆ ಸೈನ್ಯ ಅಂತ ಗೇಲಿ ಮಾಡಿದವು. ಅದು ಜಪಾನಿನ ಎಡ ವಿದ್ಯಾರ್ಥಿ ಚಳವಳಿ ಉರಿಯುತ್ತಿದ್ದ ಕಾಲ. 1969ರ ಮೇನಲ್ಲಿ ಮಿಶಿಮಾ ಒಬ್ಬನೇ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಹೋಗಿ ಸುಮಾರು 1000 ಎಡಪಂಥೀಯ ವಿದ್ಯಾರ್ಥಿಗಳ ಎದುರು ಗಂಟೆಗಟ್ಟಲೆ ವಾದ ಮಾಡಿದ. ಚಕ್ರವರ್ತಿ ಅಂತ ಒಂದು ಮಾತು ಹೇಳಿದರೆ ಸಾಕು, ನಿಮ್ಮ ಜೊತೆ ಕೈ ಜೋಡಿಸ್ತೀನಿ ಎಂಬ ಧಾಟಿ ಆತನದು. ಅದರ ವಿಡಿಯೊ ಇದೆ. ಸಿಗರೇಟು ಸೇದುತ್ತಾ, ಜೋಕು ಹೊಡೆಯುತ್ತಾ, ಯಾರನ್ನೂ ದೇಶದ್ರೋಹಿ ಅನ್ನದೆ ಮಾತಾಡ್ತಾನೆ. ಇವತ್ತಿನ ಟಿವಿ ಡಿಬೇಟ್ ನೋಡಿ ಬೆಳೆದವರಿಗೆ ಹೊಟ್ಟೆ ಉರಿಯುತ್ತೆ.

ಆದರೆ ಆ ಸೌಜನ್ಯದ ಹಿಂದೆ ಒಂದು ಲೆಕ್ಕಾಚಾರವಿತ್ತು. ವಿದ್ಯಾರ್ಥಿಗಳ ಗಲಭೆ ಕೈಮೀರಿದರೆ ಸರ್ಕಾರ ಸೇನೆಯನ್ನು ಬೀದಿಗಿಳಿಸಬೇಕಾಗುತ್ತೆ, ಆಗ ಸಂವಿಧಾನ ಬದಲಾಗುತ್ತೆ, ತನ್ನ ಸಂಘ ಕತ್ತಿ ಹಿಡಿದು ಮುಂದೆ ನಿಲ್ಲುತ್ತೆ ಅಂತ. ಅದೇ ವರ್ಷದ ಅಕ್ಟೋಬರ್ 21ರ ಯುದ್ಧವಿರೋಧಿ ಪ್ರತಿಭಟನೆಯನ್ನು ಪೊಲೀಸರೇ ಅಡಗಿಸಿಬಿಟ್ಟರು. ಸೇನೆ ಬೇಕಾಗಲೇ ಇಲ್ಲ. ಮಿಶಿಮಾ ಕಾದಿದ್ದ ಗಳಿಗೆ ಬರಲಿಲ್ಲ. ಬರದ ಗಳಿಗೆಯನ್ನು ತಾನೇ ಸೃಷ್ಟಿಸಲು ಹೊರಟ.

ಸೃಷ್ಟಿಸಿದ್ದು ಲೇಖಕನ ಶಿಸ್ತಿನಲ್ಲೇ. ಇಬ್ಬರು ಪತ್ರಕರ್ತರಿಗೆ ಮೊದಲೇ ಹತ್ತಿರ ಬಂದಿರಲು ಹೇಳಿದ್ದ. ಮಹಾಕಾದಂಬರಿಯ ಕೊನೆಯ ಕಂತನ್ನು ಅವತ್ತು ಬೆಳಿಗ್ಗೆಯೇ ಪ್ರಕಾಶಕರಿಗೆ ತಲುಪಿಸುವ ವ್ಯವಸ್ಥೆ ಮಾಡಿದ್ದ. ಆರಿಸಿಕೊಂಡ ಕಟ್ಟಡವೂ ಸಾಮಾನ್ಯದ್ದಲ್ಲ. 1946ರಿಂದ 48ರವರೆಗೆ ಟೋಕಿಯೊ ಯುದ್ಧಾಪರಾಧ ವಿಚಾರಣೆ ನಡೆದದ್ದು ಅಲ್ಲೇ. ಆರೋಪಿಗಳೆಲ್ಲ ನಿರ್ದೋಷಿಗಳು ಅಂತ ಭಿನ್ನ ತೀರ್ಪು ಬರೆದ ನಮ್ಮ ರಾಧಾಬಿನೋದ್ ಪಾಲ್ ಕೂತಿದ್ದೂ ಅಲ್ಲೇ. ಎಲ್ಲ ಲೆಕ್ಕ ಹಾಕಿದ್ದವನು ಒಂದನ್ನು ಮಾತ್ರ ಹಾಕಿರಲಿಲ್ಲ, ಕೆಳಗೆ ನಿಲ್ಲುವ ಸೈನಿಕರನ್ನು. ಆತನಿಗೆ ಅವರು ಸಮುರಾಯ್‌ಗಳು. ಅವರು ಬಂದಿದ್ದು ಸಂಬಳದ ಕೆಲಸಕ್ಕೆ. ತಮ್ಮ ಜನರಲ್‌ನನ್ನು ಕಟ್ಟಿಹಾಕಿ, ತಡೆಯಲು ಬಂದ ಸಹೋದ್ಯೋಗಿಗಳನ್ನು ಕತ್ತಿಯಿಂದ ಗಾಯಗೊಳಿಸಿದವನು ಮೇಲೆ ನಿಂತು ದೇಶಪ್ರೇಮ ಕಲಿಸುವುದನ್ನು ಅವರು ಯಾಕೆ ಕೇಳಬೇಕಿತ್ತು?

ಅವತ್ತು ಸತ್ತದ್ದು ಇಬ್ಬರು. ರೀಲ್ಸ್‌ನಲ್ಲಿ ಎರಡನೆಯವನು ಇರಲ್ಲ. ಮೊರಿಟಾ ಮಸಾಕತ್ಸು, ವಾಸೆದಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, 25 ವರ್ಷ. ಗುರುವಿನ ಬೆನ್ನಿಗೇ ಅದೇ ಕೋಣೆಯಲ್ಲಿ ಅವನೂ ಪ್ರಾಣ ಬಿಟ್ಟ. ಮಿಶಿಮಾ ತನ್ನ ಸಿದ್ಧಾಂತಕ್ಕೆ ತನ್ನ ದೇಹವನ್ನೇ ಬೆಲೆಯಾಗಿ ಕೊಟ್ಟ, ಭಾಷಣ ಮಾಡಿ ಬೇರೆಯವರ ಮಕ್ಕಳನ್ನು ಮುಂದೆ ತಳ್ಳುವ ನಾಯಕರಂತಲ್ಲ ಅಂತ ಮೆಚ್ಚುವವರನ್ನು ನೋಡಿದ್ದೇನೆ. ನನಗೂ ಒಂದು ಕಾಲಕ್ಕೆ ಹಾಗೇ ಅನಿಸಿತ್ತು. ಮೊರಿಟಾ ವಯಸ್ಸು ಗೊತ್ತಾದ ಮೇಲೆ ಆ ವಾದ ನನ್ನ ಬಾಯಲ್ಲಿ ಬರಲಿಲ್ಲ. ಯೋಜನೆಗೆ ಮೊರಿಟಾನೇ ಹೆಚ್ಚು ಒತ್ತಾಯಿಸಿದ ಅನ್ನುವವರಿದ್ದಾರೆ. ಇರಬಹುದು. ದೇಶದ ದೊಡ್ಡ ಲೇಖಕ ಬೇಡಪ್ಪ ಅಂದಿದ್ದರೆ ಆ ಹುಡುಗ ಕೇಳ್ತಿರಲಿಲ್ವಾ?

ಉಳಿದ ಮೂವರು ಹುಡುಗರಿಗೆ ಬದುಕಿ, ಕೋರ್ಟಿನಲ್ಲಿ ನಿಂತು ವಿವರಿಸುವ ಆದೇಶವಿತ್ತು. ಹಾಗೇ ಮಾಡಿದರು. 1972ರಲ್ಲಿ ತಲಾ ನಾಲ್ಕು ವರ್ಷ ಜೈಲಾಯಿತು. ಅದೇ ವರ್ಷ ಕವಾಬಾಟಾ ಕೂಡ ತೀರಿಕೊಂಡರು. ಮಿಶಿಮಾನ ಅಂತ್ಯಕ್ರಿಯೆ ಸಭೆಯ ಮುಂದಾಳತ್ವ ವಹಿಸಿದ್ದವರು ಅವರೇ. 'ದೇಶಭಕ್ತಿ' ಎಂಬ ತನ್ನದೇ ಕತೆಯನ್ನು ಮಿಶಿಮಾ ನಿರ್ದೇಶಿಸಿ, ನಟಿಸಿ, ಇಂಥದೇ ಸಾವನ್ನು ಮೊದಲೇ ತೆರೆಯ ಮೇಲೆ ತೋರಿಸಿದ್ದ. ಆ ಸಿನಿಮಾವನ್ನು ಪತ್ನಿ ಯೊಕೊ ದಶಕಗಳ ಕಾಲ ಯಾರಿಗೂ ತೋರಿಸಲು ಬಿಡಲಿಲ್ಲ. ಇಬ್ಬರು ಮಕ್ಕಳನ್ನು ಬೆಳೆಸಬೇಕಿತ್ತು ಆಕೆಗೆ.

ಯುದ್ಧವನ್ನು ತ್ಯಜಿಸುವ ಸಂವಿಧಾನದ 9ನೇ ವಿಧಿ ಈಗಲೂ ಒಂದಕ್ಷರ ಬದಲಾಗಿಲ್ಲ. ಇಚಿಗಾಯದಲ್ಲಿ ಈಗ ರಕ್ಷಣಾ ಸಚಿವಾಲಯವಿದೆ. ಹಳೆಯ ಕಟ್ಟಡದ ಒಂದು ಭಾಗವನ್ನು ಆವರಣದಲ್ಲೇ ಸರಿಸಿ ಉಳಿಸಿಕೊಂಡಿದ್ದಾರೆ. ನೋಡಲು ಹೋದವರಿಗೆ ಆ ಕೋಣೆಯ ಬಾಗಿಲ ಮೇಲಿನ ಕತ್ತಿಯೇಟಿನ ಗುರುತುಗಳನ್ನು ತೋರಿಸುತ್ತಾರೆ.