ತೂಕ ಇಳಿಸಿ ಗೆದ್ದ ಎಂಜಿನಿಯರ್

ಕಾರಿನ ಮಾತು ಬಂದರೆ ನಮ್ಮ ವಯಸ್ಸಿನವರು ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್ ಎಂದು. ಆದರೆ ಕೊಪ್ಪದಿಂದ ಶೃಂಗೇರಿಗೋ ನರಸಿಂಹರಾಜಪುರಕ್ಕೋ ಹೋಗುವ ರಸ್ತೆಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ತಿರುವು. ಅಲ್ಲಿ ಅಷ್ಟೂ ಪವರ್ ಬಳಸಲು ಜಾಗವೆಲ್ಲಿದೆ? ಬೇಕಾಗುವುದು ತಿರುಗಿಸಿದ ಕಡೆ ತಿರುಗುವ, ರಸ್ತೆಯ ಸ್ಥಿತಿಯನ್ನು ಅಂಗೈಗೆ ತಿಳಿಸುವ ಸ್ಟೀರಿಂಗ್. ಇದನ್ನು ಚೆನ್ನಾಗಿ ಅರಿತಿದ್ದವರು ಲೋಟಸ್ ಕಾರುಗಳ ಜನಕ ಕಾಲಿನ್ ಚಾಪ್ಮನ್.

1928ರ ಮೇ 19ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಚಾಪ್ಮನ್, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದರು. ಓದುತ್ತಲೇ ಹಳೆ ಕಾರುಗಳ ವ್ಯಾಪಾರವನ್ನೂ ಮಾಡುತ್ತಿದ್ದರು. 1948ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ ಬಿಚ್ಚಿ ತಮ್ಮ ಮೊದಲ ಕಾರು ಕಟ್ಟಿದರು. 1952ರಲ್ಲಿ ಲೋಟಸ್ ಕಂಪನಿ ಶುರುವಾಯಿತು. ಬಂಡವಾಳ, ಮುಂದೆ ಅವರ ಪತ್ನಿಯಾದ ಹೇಜಲ್ ಕೊಟ್ಟ 25 ಪೌಂಡ್ ಸಾಲ!

1957ರಲ್ಲಿ ಬಂದ ಲೋಟಸ್ ಸೆವೆನ್‌ನಲ್ಲಿ ಬಾಗಿಲಿಲ್ಲ, ಐಷಾರಾಮವಿಲ್ಲ. ತೆರಿಗೆ ಉಳಿಸಲು ಜನ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಎಂಜಿನ್‌ನಲ್ಲಿ ಆಯ್ಕೆಯೂ ಇತ್ತು. ಅಗ್ಗದ್ದು ಬೇಕಿದ್ದರೆ ಫೋರ್ಡಿನ 1172 ಸಿಸಿ ಎಂಜಿನ್, ಸುಮಾರು 40 ಹಾರ್ಸ್‌ಪವರ್. ವೇಗ ಬೇಕಿದ್ದರೆ ಕೊವೆಂಟ್ರಿ ಕ್ಲೈಮ್ಯಾಕ್ಸ್‌ನ 1098 ಸಿಸಿ ಎಂಜಿನ್, ಸುಮಾರು 75 ಹಾರ್ಸ್‌ಪವರ್. ಸಿಸಿ ಕಡಿಮೆ, ಶಕ್ತಿ ಹೆಚ್ಚು! ಬೆಂಕಿ ಆರಿಸುವ ಪಂಪಿಗಾಗಿ ಮಾಡಿದ ಹಗುರ ಅಲ್ಯೂಮಿನಿಯಂ ಎಂಜಿನ್ನೇ ಇದರ ಮೂಲ.

1962ರ ಲೋಟಸ್ ಎಲಾನ್ ಅವರ ಯೋಚನೆಯ ಒಳ್ಳೆಯ ಉದಾಹರಣೆ. ತೂಕ ಹೆಚ್ಚುಕಡಿಮೆ ನಮ್ಮ ಹಳೆಯ ಮಾರುತಿ 800ರಷ್ಟು. ಎಂಜಿನ್ ಮಾತ್ರ 1558 ಸಿಸಿ, 105 ಹಾರ್ಸ್‌ಪವರ್. ಮುಂಭಾಗದಲ್ಲಿ ಭಾರ ಹೆಚ್ಚಾದರೆ ಕಾರು ತಿರುವಿನಲ್ಲಿ ಹೊರಕ್ಕೆ ಜಾರಲು ನೋಡುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಅದನ್ನು ಹಗುರ ಮಾಡಲು ಪವರ್ ಸ್ಟೀರಿಂಗ್ ಹಾಕಿದರೆ, ಟಯರ್ ಹಿಡಿತ ಬಿಡುತ್ತಿರುವ ಸೂಚನೆ ಕೈಗೆ ಮಸುಕಾಗಿ ತಲುಪಬಹುದು. ಎಲಾನ್ ಹಗುರವಿದ್ದುದರಿಂದ ಆ ನೆರವೇ ಬೇಕಿರಲಿಲ್ಲ. ಇಂದಿಗೂ ಸ್ಟೀರಿಂಗ್ ಅನುಭವದ ಮಾತು ಬಂದಾಗ ಎಲಾನ್ ಹೆಸರು ಬರುತ್ತದೆ.

ಫಾರ್ಮುಲಾ ಒನ್‌ನಲ್ಲಿ 1963ರಿಂದ 1978ರೊಳಗೆ ಲೋಟಸ್ ಏಳು ಸಲ ತಯಾರಕರ ಚಾಂಪಿಯನ್ ಆಯಿತು. ಆದರೆ ಚಾಪ್ಮನ್ ಕಾರುಗಳು ತೀರಾ ನಾಜೂಕು ಎಂಬ ದೂರೂ ಇತ್ತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಸ್ಟೀರಿಂಗ್ ಕಾಲಮ್ ಮುರಿದು ಮೈಕ್ ಟೇಲರ್ ತೀವ್ರವಾಗಿ ಗಾಯಗೊಂಡರು. 1970ರಲ್ಲಿ ಇಟಲಿಯ ಮೊಂಜಾದಲ್ಲಿ ಲೋಟಸ್ ಓಡಿಸುತ್ತಿದ್ದ ಯೋಕೆನ್ ರಿಂಟ್ ಅಭ್ಯಾಸದ ವೇಳೆ ಸತ್ತರು. ಆ ವರ್ಷದ ಚಾಂಪಿಯನ್ ಪಟ್ಟ ಅವರಿಗೆ ಮರಣಾನಂತರ ಸಿಕ್ಕಿತು. ಚಾಪ್ಮನ್ ಬದುಕಿನ ಕೊನೆಯಲ್ಲಿ ಡಿಲೋರಿಯನ್ ಕಂಪನಿಯ ಹಣದ ವಿವಾದವೂ ಸುತ್ತಿಕೊಂಡಿತು. 1982ರ ಡಿಸೆಂಬರ್ 16ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 54 ವರ್ಷ.

ಬಿಇ ಓದುವ ನಮಗೆ ಅವರ ಬದುಕು ಎರಡು ಪಾಠ ಹೇಳುತ್ತದೆ. ದೊಡ್ಡ ಎಂಜಿನ್ ಹಾಕುವ ಮೊದಲು ಬೇಡದ ತೂಕ ತೆಗೆಯಬೇಕು. ತೆಗೆಯುವಾಗ, ಆ ಭಾಗವನ್ನು ನಂಬಿ ಒಬ್ಬ ಮನುಷ್ಯ ಒಳಗೆ ಕೂತಿರುತ್ತಾನೆ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಬೇಕು. ಮೊದಲನೆಯದನ್ನು ಚಾಪ್ಮನ್ ಗೆದ್ದು ತೋರಿಸಿದರು. ಎರಡನೆಯದಕ್ಕೆ ಅವರ ಚಾಲಕರು ಬೆಲೆ ತೆತ್ತರು.